ಬಡಿದು ನೋಡಿದ ಪುಸ್ತಕ

ನಮ್ಮೂರ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಹೆಸರಿಲ್ಲದೆ, ಬಿಗಿಯಾಗಿ ಮುಚ್ಚಿಕೊಂಡೇ ಬರುತ್ತವೆ. ಸಂಜೆಯೊಳಗೆ ತಮ್ಮ ಜಾಗ ಸೇರಿದರೆ ತೆರೆದುಕೊಳ್ಳುತ್ತವೆ. ಇಲ್ಲವಾದರೆ ಒಳಗಿನ ಅಕ್ಷರವೆಲ್ಲ ಅಳಿಸಿಹೋಗುತ್ತದೆ. ನಾನು ಎರಡನೇ ಇಯತ್ತೆ ಕಲಿತವನು. ಆದರೆ ನಲವತ್ತು ವರ್ಷ ಕಲ್ಲಂಗಡಿ ಬಡಿದು ನೋಡಿ ಮಾರಿದ ಕೈ ಇದು. ಅದಕ್ಕೇ ಗ್ರಂಥಪಾಲಕಿ ಶಾಂಭವಿ ಅಕ್ಕಾರು ಯಾವ ಪುಸ್ತಕ ಯಾವ ಕಪಾಟಿನದೆಂದು ಬಡಿದು ಹೇಳಲು ನನ್ನನ್ನು ಕರೆಸುತ್ತಾರೆ.

ಬಡಿದರೆ ಇತಿಹಾಸ ಹಳೆಯ ಬಾವಿಯಂತೆ ಸದ್ದು ಕೊಡುತ್ತದೆ. ಅಧ್ಯಾತ್ಮ ತುಸು ತಡೆದು ಓಗೊಡುತ್ತದೆ. ಸಂಗೀತ ಗುನುಗುತ್ತದೆ. ಕತೆಗೆ ತಾಳ್ಮೆಯಿಲ್ಲ, ಬಡಿಯುವ ಮೊದಲೇ ಮಾತಾಡುತ್ತದೆ.

ನಿನ್ನೆ ಒಂದು ಪುಸ್ತಕ ನಾಲ್ಕೂ ಸದ್ದು ಮಾಡಿತು.

"ದಾವಲಜ್ಜಾ, ಲಗೂ ಹೇಳ್ರಿ. ಹೊತ್ತು ಮುಳಗಾಕತ್ತೈತಿ," ಅಂದರು ಅಕ್ಕಾರು.

ಮತ್ತೆ ಬಡಿದೆ. ಬೀಸುವ ಕಲ್ಲಿನ ಮುಂದೆ ಕೂತು ನಮ್ಮವ್ವ ಹಾಡುತ್ತಿದ್ದ ದನಿ ಅದು. ಆ ಹಾಡಿನಲ್ಲಿ ಹಿಂದಿನವರ ಸುದ್ದಿ, ದೇವರು, ಚಂದದ ಸುಳ್ಳು ಎಲ್ಲ ಇರುತ್ತಿದ್ದವು.

"ಇದು ಕಪಾಟಿಂದಲ್ರಿ ಅಕ್ಕಾರ. ಮನಿಗೆ ಹೋಗೂದು."

"ಯಾರ ಮನಿಗೆ?"

"ನಮ್ಮನಿಗೆ. ಇಷ್ಟು ವರ್ಷ ಹಣ್ಣು ಆರಿಸಿ ಕೊಟ್ಟವಗ ಒಂದು ಹೋಳರ ಬ್ಯಾಡೇನ್ರಿ?"

"ತಪ್ಪಿದ್ರ ಬರೇ ಬಿಳಿ ಹಾಳಿ ಉಳಿತಾವ, ನೋಡ್ರಿ ಮತ್ತ!"

ಎದೆಗೆ ಅವಚಿಕೊಂಡೆ. ಮನೆಯವರೆಗೂ ಕಾಯದೆ ಪುಸ್ತಕ ಅಲ್ಲೇ ಪಟ್ಟನೆ ತೆರೆದುಕೊಂಡಿತು. ಮೊದಲ ಸಾಲಿಗೆ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ, ಜೋರಾಗಿ ಓದಿದೆ. ಬಾಗಿಲಾಚೆ ಬೀಗ ಹಿಡಿದು ನಿಂತಿದ್ದ ಅಕ್ಕಾರು ಮತ್ತೆ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತರು.