ಓದು ಬಿಟ್ಟವರು: ಸೊನ್ನೆ

“ಈ ಸೊನ್ನೆ ಸುಳ್ಳು,” ಎಂದರು ಡಾ. ಮಮತಾ.

ಎದುರಿಗೆ ಕುಳಿತಿದ್ದ ಕುಲಸಚಿವ ನರೇಂದ್ರರ ಮುಖ ಬಾಡಿತು. ಬಿಡದಿಯ ಆಚೆ, ಹೊಸ ಕಾರ್ಖಾನೆಗಳ ನಡುವೆ ಎದ್ದ ಪುಟ್ಟ ಖಾಸಗಿ ವಿಶ್ವವಿದ್ಯಾಲಯ ಅದು. ವಿದ್ಯಾರ್ಥಿಗಳು ಮುನ್ನೂರ ಹನ್ನೆರಡು. 2009ರ ಸಾಧನಾ ವರದಿ ಪರಿಶೀಲಿಸಲು ಬಂದ ಸಮಿತಿಗೆ ಮಮತಾ ಅಧ್ಯಕ್ಷೆ. ಅವರು ಸಹಿ ಹಾಕಿದರೆ ಮಾನ್ಯತೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು.

ವರದಿಯಲ್ಲಿ ಉಳಿದದ್ದೆಲ್ಲ ಸಾಧಾರಣ. ಗ್ರಂಥಾಲಯ ಸಣ್ಣದು, ಪ್ರಯೋಗಾಲಯ ಇನ್ನೂ ಸಣ್ಣದು. ಆದರೆ ‘ಮಧ್ಯದಲ್ಲಿ ಓದು ಬಿಟ್ಟವರು’ ಎಂಬಲ್ಲಿ ಸೊನ್ನೆ! ಕೆಳಗೊಂದು ಟಿಪ್ಪಣಿ: ಬಿ.ಎ. ವಿದ್ಯಾರ್ಥಿನಿ, ನೋಂದಣಿ ಸಂಖ್ಯೆ 31, ಮದುವೆಯ ಕಾರಣ ಒಂದು ಸೆಮಿಸ್ಟರ್ ಬಿಟ್ಟು ಮರಳಿ ಸೇರಿದ್ದಾರೆ. ಊರು ಕೈಲಾಂಚ.

ಮಮತಾ ಓದುತ್ತಿದ್ದಾಗ ಅವರ ತರಗತಿಯಿಂದ ಏಳು ಹುಡುಗಿಯರು ಮದುವೆಗೆಂದು ಹೋಗಿದ್ದರು. ಒಬ್ಬಳೂ ಮರಳಿರಲಿಲ್ಲ.

“ನಾನೇ ಹೋಗಿ ನೋಡುತ್ತೇನೆ. ನಿಮ್ಮವರು ಯಾರೂ ಬರಬೇಡಿ.”

“ಮೇಡಂ, ಆ ವಿದ್ಯಾರ್ಥಿನಿ ಬಗ್ಗೆ ಒಂದು ಮಾತು...”

“ಅವರೇ ಹೇಳಲಿ ಬಿಡಿ.”

ಕೈಲಾಂಚದಲ್ಲಿ ಸಮಿತಿಯ ಕಾರಿನ ಚಾಲಕ ಜಬ್ಬಾರ್, ಬಿಡದಿ ಕಾಲೇಜಿಗೆ ಹೋಗುವವರ ಮನೆ ಯಾವುದೆಂದು ಕೇಳಿ ಕೇಳಿ ಹುಡುಕಿದ. ಅಂದು ಭಾನುವಾರ. ನಡುಮನೆಯಲ್ಲಿ ಮನೆಯೊಡತಿ ಸರಸಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಗೋಡೆಯ ಗೂಡಿನಲ್ಲಿ ಇತಿಹಾಸದ ಪುಸ್ತಕಗಳಿದ್ದವು.

“ಕಾಲೇಜು ಬಿಟ್ಟು ಮತ್ತೆ ಸೇರಿದ್ದು ಈ ಮನೆಯವರೇ ತಾನೆ?”

“ಊಂ ಮೇಡಂ, ನಮ್ಮನೆಯೋರೇಯ. ದಿವ್ಯಾ, ಕುರ್ಚಿ ತಗಬಾವ್ವ!”

ಮಗಳು ದಿವ್ಯ ಕುರ್ಚಿ ತಂದಳು. ಇಪ್ಪತ್ಮೂರರ ಹುಡುಗಿ, ಕೊರಳಲ್ಲಿ ಹೊಸ ತಾಳಿ. ಮಮತಾ ಕಡತ ಬಿಚ್ಚಿದರು.

“ಓದು ಯಾಕೆ ನಿಂತಿತ್ತು?”

“ನನ್ ಮದ್ವೆ ಬಂತಲ್ಲ ಮೇಡಂ,” ದಿವ್ಯ ನಕ್ಕಳು.

“ಮದುವೆ ಅಂದ ತಕ್ಷಣ ಪುಸ್ತಕ ಮುಚ್ಚಿಡಬೇಕೇನಮ್ಮ?” ಮಮತಾ ಸರಸಮ್ಮನತ್ತ ತಿರುಗಿದರು.

ಸರಸಮ್ಮ ತಲೆ ತಗ್ಗಿಸಿದರು. “ತಪ್ಪು ನಂದೇಯ. ಮನೆ ತುಂಬ ನೆಂಟ್ರು, ಹುಳ ಬ್ಯಾರೆ ಹಣ್ಣಾಗಿ ಗೂಡು ಕಟ್ಟಾಕೆ ನಿಂತಿದ್ದೋ. ಒಂದು ಸೆಮಿಸ್ಟರ್ ಹೋದ್ರೆ ಹೋಯ್ತದೆ ಅಂದ್ಬುಟ್ಟೆ. ಆಮೇಲೆ ಒಸಿ ಅತ್ತಿದ್ದೂ ಉಂಟು.”

“ಬೀಗರ ಮನೆಯವರು ಏನಂದರು?”

“ಅಯ್ಯೋ, ಮತ್ತೆ ಸೇರಿಸ್ರಿ ಅಂತ ಹಟ ಮಾಡಿದ್ದೇ ನಮ್ಮತ್ತೆ,” ಎಂದಳು ದಿವ್ಯ.

“ಓಡಾಟ?”

“ಅಳಿಯಂದ್ರು ಬಿಡದಿ ಫ್ಯಾಕ್ಟ್ರಿಗೆ ಹೋಗೋವಾಗ ಗಾಡೀಲಿ ಕಾಲೇಜತ್ರ ಬುಟ್ಟು ಹೋಯ್ತಾರೆ,” ಎಂದರು ಸರಸಮ್ಮ. “ದೇವ್ರಂಥೋರು.”

ಅಂಥ ಗಂಡ, ಅಂಥ ಅತ್ತೆ. ಮಮತಾರ ಮನಸ್ಸು ಕರಗತೊಡಗಿತು. ಮರುಗಳಿಗೆಯೇ ಅನುಮಾನ ಎದ್ದಿತು. ಕೇಳಲು ತುಂಬ ಚೆನ್ನಾಗಿದೆ. ಯಾರೋ ಮೊದಲೇ ಹೇಳಿಕೊಟ್ಟಿದ್ದಾರೆಯೇ? ಅವರು ದಿವ್ಯಳ ಕಣ್ಣಲ್ಲಿ ಕಣ್ಣಿಟ್ಟರು.

“ಈ ವಾರ ಇತಿಹಾಸದಲ್ಲಿ ಯಾವ ಪಾಠ ನಡೆಯಿತು?”

ದಿವ್ಯ ತಬ್ಬಿಬ್ಬಾದಳು. “ಅದು... ನಂಗೆ ಗೊತ್ತಿಲ್ಲ ಮೇಡಂ.”

“ಪಾಠ ಮಾಡಿದ ಮೇಷ್ಟರ ಹೆಸರು?”

ದಿವ್ಯ ತಾಯಿಯ ಮುಖ ನೋಡಿದಳು.

ಸುಳ್ಳು ಸಿಕ್ಕಿಬಿತ್ತು. ತರಗತಿಯ ಮುಖವನ್ನೇ ನೋಡದ ವಿದ್ಯಾರ್ಥಿನಿ. ಕಾಗದದ ಮೇಲೆ ಮಾತ್ರ ಹಾಜರಿ. ಗೆದ್ದ ಸಂತೋಷವೇನೂ ಮಮತಾರಿಗೆ ಆಗಲಿಲ್ಲ. ಈ ಒಂದು ಸೊನ್ನೆಯಾದರೂ ನಿಜವಾಗಿರಲಿ ಎಂದು ದಾರಿಯುದ್ದಕ್ಕೂ ಒಳಗೊಳಗೇ ಆಸೆಪಟ್ಟಿದ್ದರು. ನಿಟ್ಟುಸಿರಿಟ್ಟು ಪೆನ್ನಿನ ಮುಚ್ಚಳ ತೆಗೆದು, ಸೊನ್ನೆಯ ಮೇಲೆ ಗೀಟು ಎಳೆಯಲು ಹೊರಟರು.

ಸರಸಮ್ಮ ಸೊಪ್ಪಿನ ಕುಕ್ಕೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೇಷ್ಟರ ಮುಂದೆ ನಿಂತಂತೆ ನೆಟ್ಟಗೆ ನಿಂತರು.

“ಅವಳ್ನ ಯಾಕೆ ಕೇಳೀರಿ ಮೇಡಂ? ಅವಳು ಬಿಕಾಂ ಮುಗ್ಸಿ ಎಲ್ಡು ವರ್ಸ ಆಯ್ತು. ನನ್ನ ಕೇಳಿ, ಈ ವಾರ ಸಾವನದುರ್ಗದ ಮುತ್ತಿಗೆ ಪಾಠ ಆಯ್ತು, ಒಂದು ಕ್ಲಾಸೂ ತಪ್ಪಿಸ್ಕಂಡಿಲ್ಲ ನಾನು!”