ಬೆಳ್ಳಿ ದ್ವೀಪದ ಕೊಕ್ಕರೆ

“ಕೊಕ್ಕರೆ ಯಾರು? ಹೆಸರು ಹೇಳಿ.”

ಸರ್ಕಾರಿ ವಕೀಲ ಮತ್ತೆ ಮತ್ತೆ ಕೇಳಿದ. ಆರೋಪಿಯ ಜಾಗದಲ್ಲಿದ್ದ ಬಾಂಗ್ ಮಿ-ರಾನ್ ತುಟಿ ಬಿಚ್ಚಲಿಲ್ಲ.

ಇಂಚಾನ್ ನಗರದಲ್ಲಿ ಕಿಂಬಾಪ್ ಎಂಬ ಅನ್ನದ ಸುರುಳಿ ಮಾರುವ ಅಂಗಡಿ ನಡೆಸುವ ಹೆಂಗಸು. ‘ಬೆಳ್ಳಿ ದ್ವೀಪ’ ಎಂಬ ಆನ್‌ಲೈನ್ ಆಟವನ್ನು ಕಂಪನಿ ನಿಲ್ಲಿಸಿದಾಗ, ಅಂಗಡಿಯ ಹಿಂದಿನ ಕೋಣೆಯಲ್ಲಿ ಸರ್ವರ್ ಇಟ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿದ್ದಳು. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಮರಳಿದರು. ಹಾಸಿಗೆ ಹಿಡಿದಿದ್ದ ಒಬ್ಬಾತ ಓಡಾಡುತ್ತಿದ್ದುದು ಆ ದ್ವೀಪದಲ್ಲಿ ಮಾತ್ರ.

ಸರ್ವರ್ ಅವಳದು. ಆಟವನ್ನು ಅದರೊಳಗೆ ಕೂಡಿಸಿಕೊಟ್ಟವನು ಕೊಕ್ಕರೆ ಎಂಬ ಅಡ್ಡಹೆಸರಿನವನು. ಕಂಪನಿ ದೂರು ಕೊಟ್ಟಿತು, ಪೊಲೀಸರು ಎಲ್ಲವನ್ನೂ ಹೊತ್ತೊಯ್ದರು. ಸಿಕ್ಕಿಬಿದ್ದವಳು ಅವಳೊಬ್ಬಳೇ.

ವಿರಾಮದಲ್ಲಿ ಅವಳ ಪರ ವಕೀಲ ಚೂ ಗೋಗರೆದ. “ಹೇಳಿಬಿಡಿ ಮೇಡಂ. ಇಲ್ಲಾಂದ್ರೆ ಜೈಲೇ ಗತಿ. ಅವನೇನು ನಿಮ್ಮ ಮಗನಾ?”

“ಮಗ ಆಗಿದ್ರೆ ಕಿವಿ ಹಿಂಡ್ತಿದ್ದೆ.”

“ನೀವಿಲ್ಲಿ ಒದ್ದಾಡ್ತಿದ್ದೀರಿ, ಅವನೆಲ್ಲೋ ಆರಾಮಾಗಿ ಕೂತಿರ್ತಾನೆ!”

“ಆರಾಮಾಗಿಲ್ಲ ವಕೀಲ್ರೇ. ಅಷ್ಟು ನಂಗೊತ್ತು.”

ಮಧ್ಯಾಹ್ನ ಕಂಪನಿಯ ಸಾಕ್ಷಿ ಬಂದ. ಸನ್ ಗ್ಯು-ವಾನ್. ಆ ಆಟವನ್ನು ರೂಪಿಸಿದವನು, ಈಗ ಕಂಪನಿಯ ನಿರ್ದೇಶಕ. ಆ ಹುದ್ದೆಯ ಕಾರಣಕ್ಕೆ ದೂರಿಗೆ ಸಹಿ ಹಾಕಿದವನೂ ಅವನೇ. ಮಿ-ರಾನ್ ಕಡೆ ಒಮ್ಮೆಯೂ ನೋಡಲಿಲ್ಲ.

“ಈಕೆ ಮಾಡಿದ್ದು ಕಳ್ಳತನ ತಾನೇ?” ಸರ್ಕಾರಿ ವಕೀಲ ಕೇಳಿದ.

“ಕಂಪನಿಯ ಲೆಕ್ಕದಲ್ಲಿ... ಹೌದು.”

“ಇಷ್ಟು ಕಷ್ಟದ ಕೆಲಸ ಅಡುಗೆಯವಳಿಗೆ ಬರುತ್ತಾ? ಕೊಕ್ಕರೆ ಯಾರಿರಬಹುದು, ನೀವೇ ಹೇಳಿ.”

ಗ್ಯು-ವಾನ್ ನೀರು ಕುಡಿದ. ಅವನಿನ್ನೂ ಬಾಯಿ ತೆರೆಯುವಷ್ಟರಲ್ಲಿ ಮಿ-ರಾನ್ ಎದ್ದು ನಿಂತಳು.

“ಅವರನ್ನ್ಯಾಕೆ ಕೇಳ್ತೀರಿ? ಅಡುಗೆಯವಳು ಕಲಿಯಬಾರದಾ? ಎಲ್ಲಾ ಮಾಡಿದ್ದು ನಾನೇ. ಬರ್ಕೊಳ್ಳಿ!”

ಚೂ ತಲೆಯ ಮೇಲೆ ಕೈಹೊತ್ತು ಕೂತ.

ತೀರ್ಪಿನ ದಿನ ನ್ಯಾಯಾಧೀಶೆ ಜೈಲು ಶಿಕ್ಷೆ ಎಂದಾಗ ಮಿ-ರಾನ್ ಅಂಗಡಿಯ ಕೀಲಿಕೈ ತೆಗೆದು ಚೂಗೆ ಕೊಟ್ಟಳು. ಸದ್ಯಕ್ಕೆ ಜಾರಿ ಇಲ್ಲ ಎಂಬ ಮಾತು ಆಮೇಲೆ ಕೇಳಿಸಿತು. ಇನ್ನೊಮ್ಮೆ ಸರ್ವರ್ ಇಟ್ಟರೆ ಮಾತ್ರ ನೇರ ಒಳಗೆ. ಹಾಗಾದರೆ ದ್ವೀಪ ಮುಳುಗಿದ ಹಾಗೆಯೇ. ಹಾಸಿಗೆಯಲ್ಲಿದ್ದವನಿಗೆ ಏನು ಹೇಳುವುದು?

ಮೊಗಸಾಲೆಯಲ್ಲಿ ಪೇಪರ್ ಲೋಟದ ಕಾಫಿ ಹಿಡಿದು ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾರೋ ಪಕ್ಕಕ್ಕೆ ಬಂದು ನಿಂತರು. ಗ್ಯು-ವಾನ್. ಅತ್ತಿತ್ತ ನೋಡಿ, ಸೊಂಟ ಬಾಗಿಸಿ ನಮಸ್ಕರಿಸಿದ.

“ಅಕ್ಕಾ, ದ್ವೀಪ ನಿನ್ನೆಯಿಂದ ನಮ್ಮನೇಲಿ ಓಡ್ತಿದೆ. ಈ ಕೊಕ್ಕರೆಗಾಗಿ ನೀವು ಪಟ್ಟಿದ್ದು ಸಾಕು. ಇನ್ಮೇಲೆ ಆಡೋಕೆ ಬನ್ನಿ, ಅಷ್ಟೇ.”