ಮಾತಿಗಿಂತ ಮೊದಲು

ಕೇಬಲ್ಲಿನಲ್ಲಿ ಮಾತು ಸೈಕಲ್ಲಿನ ವೇಗದಲ್ಲಿ ಸಾಗುವುದರಿಂದ, ಸಿಟ್ಟಿನಲ್ಲಿ ಫೋನು ಮಾಡಿದವರೆಲ್ಲ ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ವಿಜಯಪುರದಲ್ಲಿ ತಾಯಿಯನ್ನು ನೋಡಿಕೊಂಡಿರುವ ಶಿವಗಂಗವ್ವ, ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿಯ ತಮ್ಮನಿಗೆ ಆಡಬಾರದ್ದನ್ನು ಆಡಿ, ಹನ್ನೊಂದಕ್ಕೆ ಪಶ್ಚಾತ್ತಾಪಪಟ್ಟು, ಆ ಮಾತಿಗಿಂತ ಮೊದಲು ಮುಟ್ಟಲೆಂದು ಬಸ್ಸು ಹತ್ತಿದಳು. ದಾರಿಯಲ್ಲಿ ಟೈರು ಪಂಕ್ಚರಾಯಿತು. ತಮ್ಮನ ಮನೆ ಮುಟ್ಟಿದಾಗ ಮಾತು ಬರಲು ಐದು ನಿಮಿಷವಿತ್ತು.

ಬಾಗಿಲು ತೆರೆದವಳು ತಮ್ಮನ ಹೆಂಡತಿ ನೀಲವ್ವ.

“ಚನ್ನವೀರ ಎಲ್ಲೆದಾನ?”

“ನಿಮ್ಮ ಮನಿಗೇ ಹೋಗ್ಯಾರ್ರಿ ಅಕ್ಕಾರ. ನಸುಕಿನ್ಯಾಗ ಅವರೂ ನಿಮಗ ಏನೋ ಒದರಿದ್ರು. ಅದು ಮುಟ್ಟೂದ್ರೊಳಗ ಹಿಡೀತೇನಂತ ಮೊದಲ್ನೇ ಬಸ್ಸಿಗೆ ಓಡಿದ್ರು. ನಾಕ ದಿನ ಅವ್ವನ ಹತ್ರ ಇದ್ದು ಬರ್ತಾರಂತ.”

ಶಿವಗಂಗವ್ವ ಉಸ್ಸೆಂದು ಕುಳಿತಳು. ಕೇಳುವವನೇ ಊರಲ್ಲಿಲ್ಲ!

“ಹಂಗಾದ್ರ ಫೋನ್ ಎತ್ತೂದ ಬ್ಯಾಡ ಬಿಡ್ರಿ,” ಎಂದಳು ನೀಲವ್ವ.

ಶಿವಗಂಗವ್ವ ದಿಗ್ಗನೆ ಎದ್ದಳು. ಯಾರೂ ಎತ್ತದ ಮಾತು ಕೇಬಲ್ಲಿನ ತುದಿಗೆ ಬಡಿದು, ಹೊರಟ ಮನೆಗೇ ಮರಳುತ್ತದೆ. ನಾಳೆ ಬೆಳಿಗ್ಗೆ ಅಲ್ಲಿ ಫೋನಿನ ಗಂಟೆ ಬಡಿದರೆ ಎತ್ತುವವನು ಚನ್ನವೀರನೇ.

ಅಷ್ಟರಲ್ಲಿ ಫೋನಿನ ಗಂಟೆ ಬಡಿಯಿತು. ನೀಲವ್ವನ ಕೈ ಮುಂದೆ ಬಂತು. ಅದನ್ನು ತಳ್ಳಿ ಶಿವಗಂಗವ್ವ ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

“ಅವ್ವ ಸತ್ತರೂ ನೀ ಈ ಹೊಸ್ತಿಲಾ ತುಳೀಬ್ಯಾಡ,” ಎಂದಿತು ಅವಳದೇ ದನಿ. ನಡುವೆ ಫೋನು ಇಟ್ಟರೆ ಉಳಿದ ಮಾತು ವಿಜಯಪುರಕ್ಕೆ ಮರಳುತ್ತದೆ. ಬೆಳಿಗ್ಗೆ ಎಷ್ಟು ಉದ್ದ ಬೈದಿದ್ದೆನೆಂದು ಅವಳಿಗೆ ಈಗ ತಿಳಿಯಿತು. ಎಲ್ಲವನ್ನೂ ಕೇಳಿ ಮುಗಿಸಿ, ರಿಸೀವರ್ ಇಟ್ಟಳು.

“ಯಾರ್ರಿ ಅದು?”

“ಯಾವಳೋ ಬಾಯಿಗೇಡಿ,” ಎಂದಳು ಶಿವಗಂಗವ್ವ. “ನನಗ ಬೈದ್ಲು.”